ಕಿವಿಯ ಹಿಂದಿನ ಮಚ್ಚೆ

ಪಶುವೈದ್ಯ ಡಾಕ್ಟರ್ ಆಲ್ಡ್ರಿಚ್ ಕರುವಿನ ಕುತ್ತಿಗೆ ಸವರುತ್ತ ಕಿವಿಯ ಹತ್ತಿರ ಬಂದಾಗ ಜೋಸಿ ಉಸಿರು ಬಿಗಿಹಿಡಿದಳು. ಕರುವಿನ ಎಡಗಿವಿಯ ಹಿಂದೆ, ಮುಖಕ್ಕೆ ಕಟ್ಟಿದ ಅಗಲವಾದ ತೊಗಲಿನ ಪಟ್ಟಿಯ ಕೆಳಗೆ, ಅಂಗಿಯ ಗುಂಡಿಯಷ್ಟಗಲ ಕೂದಲುದುರಿದ ಜಾಗವಿತ್ತು. ಪಟ್ಟಿಯನ್ನು ಒಂದು ಬೆರಳು ಸರಿಸಿದ್ದರೆ ಸಾಕಿತ್ತು. ಆದರೆ ಕೌಂಟಿಯ ಜಾನುವಾರು ಮೇಳದ ಗೇಟಿನಾಚೆ ಇನ್ನೂ ಮೂವತ್ತು ಗಾಡಿಗಳು ಕರುಗಳನ್ನು ಹೇರಿಕೊಂಡು ಕಾಯುತ್ತಿದ್ದವು. ಡಾಕ್ಟರು ಕಣ್ಣು ನೋಡಿದರು, ಬಾಲ ಎತ್ತಿ ನೋಡಿದರು, ಕಾಗದಕ್ಕೆ ಸಹಿ ಹಾಕಿದರು.

"ಚೆನ್ನಾಗಿ ಸಾಕಿದ್ದೀಯ ಕಣಮ್ಮ. ನಡಿ, ಮುಂದೆ ನಡಿ."

ಚೆನ್ನಾಗಿ ಸಾಕಿದ್ದು ನಿಜವೇ. ಜೋಸಿಯ ಮನೆಯೆಂದರೆ ಪೇಟೆಯ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಬೆಕ್ಕು ಸಾಕುವುದಕ್ಕೂ ಮಾಲೀಕ ಬಿಡುತ್ತಿರಲಿಲ್ಲ. ಮೇ ತಿಂಗಳಲ್ಲಿ ಹೆಸ್ಟರ್ ಬ್ಲಾಜೆಟ್ ಎಂಬ ಮುದುಕಿ ತನ್ನ ನಲವತ್ತು ಜರ್ಸಿ ಹಸುಗಳ ಕೊಟ್ಟಿಗೆಯಿಂದ ಒಂದು ಹೆಣ್ಣುಗರುವನ್ನು ಬೇಸಿಗೆಯ ಮಟ್ಟಿಗೆ ಅವಳ ವಶಕ್ಕೆ ಕೊಟ್ಟಿದ್ದಳು. ಸಾಕು, ಪಳಗಿಸು, ಮೇಳದ ಸ್ಪರ್ಧೆಯಲ್ಲಿ ನಡೆಸಿ ತೋರಿಸು, ಸೆಪ್ಟೆಂಬರಿನಲ್ಲಿ ನನಗೆ ವಾಪಸು ಒಪ್ಪಿಸು, ಇಷ್ಟೇ ಕರಾರು. ಹದಿನಾಲ್ಕರ ಹುಡುಗಿ ದಿನಾ ಬೆಳಿಗ್ಗೆ ಮೂರು ಮೈಲಿ ಸೈಕಲ್ ತುಳಿದು ಹೋಗಿ ಪಿಪ್ಪಾ ಎಂಬ ಆ ಕರುವಿನ ಮೈ ಉಜ್ಜಿದಳು. ಮೊದಲ ವಾರ ಕರು ಅವಳನ್ನು ಕೆಸರಿನಲ್ಲಿ ದರದರ ಎಳೆದಾಡಿತ್ತು. ಈಗ ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ಮಚ್ಚೆ ಕಣ್ಣಿಗೆ ಬಿದ್ದದ್ದು ಆರು ದಿನದ ಹಿಂದೆ. ಗಜಕರ್ಣ. ಹೆಸ್ಟರ್ ಅಜ್ಜಿಗೆ ಹೇಳಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಅಂಟುರೋಗದ ಕರುವಿಗೆ ಮೇಳದಲ್ಲಿ ಜಾಗವಿಲ್ಲ. ಜೋಸಿ ಔಷಧದಂಗಡಿಯಿಂದ ಮುಲಾಮು ತಂದು ಕದ್ದು ಹಚ್ಚಿದಳು. ನಿನ್ನೆ ಅವಳ ಮಣಿಕಟ್ಟಿನ ಮೇಲೂ ಕೆಂಪು ಉಂಗುರ ಎದ್ದಿತ್ತು. ಕರು ನಡೆಸುವವರು ತುಂಬುತೋಳಿನ ಬಿಳಿ ಅಂಗಿ ತೊಡುವುದು ವಾಡಿಕೆಯಾದ್ದರಿಂದ ಯಾರೂ ಏನೂ ಕೇಳಲಿಲ್ಲ.

ಮೇಳದ ಕೊಟ್ಟಿಗೆಯಲ್ಲಿ ಪಿಪ್ಪಾಳ ಪಕ್ಕದಲ್ಲೇ ಒಂಬತ್ತು ವರ್ಷದ ಮಾರ್ನಿ ತನ್ನ ಡಚೆಸ್‌ಳನ್ನು ಕಟ್ಟಿದ್ದಳು. ಡಚೆಸ್ ಕೂಡ ಹೆಸ್ಟರ್ ಅಜ್ಜಿಯ ಕರುವೇ, ಆದರೆ ಬೇಸಿಗೆಯಿಡೀ ಮಾರ್ನಿಯ ಚಿಕ್ಕಪ್ಪನ ಶೆಡ್ಡಿನಲ್ಲಿ ಬೆಳೆದದ್ದು. ಮಾರ್ನಿಗೆ ಇದು ಮೊದಲ ಮೇಳ.

"ಜೋಸಿ ಅಕ್ಕಾ, ನಿನ್ ಬ್ರಷ್ ಕೊಡೇ. ನಂದು ಮನೇಲೇ ಬಿಟ್ ಬಂದ್ಬಿಟ್ಟೆ."

"ನಂದು... ಒದ್ದೆ ಇದೆ."

"ಒದ್ದೆ ಇದ್ರೇನು? ಇವಳ ಹೊಟ್ಟೆ ನೋಡು, ಸಗಣೀಲಿ ಹೊರಳಾಡಿ ಎದ್ದಿದ್ದಾಳೆ ಮಹಾರಾಣಿ!"

ಹುಲ್ಲಿನ ಪಿಂಡಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಹೆಸ್ಟರ್ ಅಜ್ಜಿ ನಕ್ಕಳು. "ಕೊಡೇ, ಬ್ರಷ್ಷೇನು ಸವೆದು ಹೋಗತ್ತಾ? ಯಾವಾಗಿಂದ ಇಷ್ಟು ಜಿಪುಣಿ ಆದೆ?"

ಜೋಸಿ ಕೊಟ್ಟಳು. ಬ್ರಷ್ಷು ಡಚೆಸ್‌ಳ ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿನಿಂದ ಕುತ್ತಿಗೆಗೆ ಏರಿತು. ಮಾರ್ನಿ ನಾಲಿಗೆ ಕಚ್ಚಿಕೊಂಡು ಉಜ್ಜಿಯೇ ಉಜ್ಜಿದಳು. ಆಮೇಲೆ ತನ್ನ ಜಡೆಯ ತುದಿಯನ್ನೂ ಅದರಿಂದಲೇ ಬಾಚಿಕೊಂಡು, "ನೋಡು, ಇಬ್ರೂ ಒಂದೇ ಥರ ಹೊಳೀತಿದೀವಿ!" ಎಂದಳು.

ಜೋಸಿ ಆ ಜಡೆಯ ತುದಿಯನ್ನು ನೋಡಿದಳು. "ಬಂದೆ" ಎಂದವಳು ಗೇಟಿನ ಕಡೆ ನಡೆದಳು. ಅರ್ಧ ದಾರಿಯಲ್ಲಿ ಒಮ್ಮೆ ನಿಂತಳು. ಮತ್ತೆ ನಡೆದಳು.

"ಡಾಕ್ಟ್ರೇ, ನೀವು ಪಟ್ಟಿ ಬಿಚ್ಚಿ ನೋಡಲಿಲ್ಲ."

ಅವರು ಅವಳ ಮುಖವನ್ನೇ ನೋಡಿದರು. ಅವಳ ಹಿಂದೆ ಬಂದು ಪಿಪ್ಪಾಳ ಪಟ್ಟಿ ಬಿಚ್ಚಿದರು.

"ಯಾವತ್ತಿಂದ ಇದು?"

"ಆರು ದಿನ." ಜೋಸಿ ಅಂಗಿಯ ತೋಳು ಮಡಚಿ ಮಣಿಕಟ್ಟನ್ನೂ ತೋರಿಸಿದಳು.

ಹೆಸ್ಟರ್ ಅಜ್ಜಿ ಎದ್ದು ನಿಂತಿದ್ದಳು. "ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕರ್ಕೊಂಡು ಬರ್ತಿರಲಿಲ್ಲ."

"ಬರ್ತಿರಲಿಲ್ಲ," ಎಂದಳು ಮುದುಕಿ. "ಮತ್ತೆ?"

ಜೋಸಿ ಪಿಪ್ಪಾಳ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

ಡಾಕ್ಟರು ಕೇಳಿದರು: "ಈ ಕರುವಿನ ಹಗ್ಗ, ಬಕೆಟ್ಟು, ಬ್ರಷ್ಷು ಬೇರೆ ಯಾವ ಕರುವಿಗಾದ್ರೂ ತಾಕಿದ್ಯಾ? ಸರಿಯಾಗಿ ಯೋಚನೆ ಮಾಡಿ ಹೇಳು. ತಾಕಿದ್ರೆ ಅದೂ ಮನೆಗೆ ಹೋಗಬೇಕು."

ಮಾರ್ನಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಡಾಕ್ಟರಿಗೆ ಕಾಣದ ಹಾಗೆ ಜೋಸಿಯತ್ತ ತಿರುಗಿ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಕಣ್ಣು ಆಗಲೇ ತುಂಬಿತ್ತು. ಇಲ್ಲ ಎಂದುಬಿಟ್ಟರೆ ಆಯಿತು. ನೋಡಿದವಳೆಂದರೆ ಹೆಸ್ಟರ್ ಅಜ್ಜಿ ಒಬ್ಬಳೇ, ಅವಳು ಜೋಸಿಯನ್ನೇ ನೋಡುತ್ತಿದ್ದಳು.

"ಬ್ರಷ್ಷು," ಎಂದಳು ಜೋಸಿ. "ಡಚೆಸ್‌ಗೆ ಉಜ್ಜಿದ್ವಿ. ನಾನೇ ಕೊಟ್ಟೆ."

"ಸುಳ್ಳು! ಸುಳ್ಳು ಹೇಳ್ತಾಳೆ ಇವ್ಳು!" ಮಾರ್ನಿ ಕಿರುಚಿದಳು. ಆಚೀಚೆಯ ಕರುಗಳು ಕಿವಿ ನೆಟ್ಟಗೆ ಮಾಡಿದವು. ಡಾಕ್ಟರು ಕೈ ಚಾಚಿದರು. ಕೊನೆಗೆ ಮಾರ್ನಿ ಬೆನ್ನ ಹಿಂದಿನಿಂದ ಬ್ರಷ್ಷನ್ನು ತೆಗೆದು ಅವರ ಕೈಗಿಟ್ಟಳು.

ಹನ್ನೊಂದಕ್ಕೆ ಧ್ವನಿವರ್ಧಕದಲ್ಲಿ ಕಿರಿಯರ ಸ್ಪರ್ಧೆಗೆ ಹೆಸರು ಕೂಗುವಾಗ ಹೆಸ್ಟರ್ ಅಜ್ಜಿಯ ಟ್ರಕ್ಕು, ಹಿಂದಿನ ಬಂಡಿಯಲ್ಲಿ ಎರಡೂ ಕರುಗಳನ್ನು ತುಂಬಿಕೊಂಡು, ಗೇಟು ದಾಟುತ್ತಿತ್ತು. ಮಾರ್ನಿಯ ಅಪ್ಪ ಚೀಸ್ ಕಾರ್ಖಾನೆಯಿಂದ ಬರುವುದು ಸಂಜೆಗೆ. ಅವಳೂ ಇವರ ಜೊತೆಗೇ ಹೊರಟಿದ್ದಳು.

"ಎರಡೂ ಕರುಗಳನ್ನ ಮೂರು ವಾರ ದಿನಾ ಔಷಧಿ ಹಾಕಿ ತೊಳೀಬೇಕು," ಎಂದಳು ಹೆಸ್ಟರ್ ಅಜ್ಜಿ ರಸ್ತೆಯಿಂದ ಕಣ್ಣು ತೆಗೆಯದೆ. "ನಾಳೆ ಆರಕ್ಕೆ ಬಾ."

"ಬರ್ತೀನಿ," ಎಂದಳು ಜೋಸಿ.

ಮಾರ್ನಿ ಕಿಟಕಿಯ ಪಕ್ಕ ಸೀಟಿನ ತುದಿಗೆ ಸರಿದು ಕೂತಿದ್ದಳು. ಅಂಗಿಯ ಬೆನ್ನಿಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಸ್ಪರ್ಧೆಯ ಅಂಕಿಯ ಕಾಗದವನ್ನು ಯಾರೂ ತೆಗೆದಿರಲಿಲ್ಲ. ಟ್ರಕ್ಕು ಕುಲುಕಿದಾಗಲೆಲ್ಲ ಅವಳು ಬಾಗಿಲಿನ ಹಿಡಿ ಹಿಡಿದುಕೊಂಡಳು. ಕಾಗದ ಸುಕ್ಕಾಗಬಾರದೆಂದು ದಾರಿಯುದ್ದಕ್ಕೂ ಬೆನ್ನು ಒರಗಿಸಲೇ ಇಲ್ಲ.