ಮುಳ್ಳು ಏಳುವ ತನಕ

ಅಣ್ಣ ಸತ್ತ ಮೇಲೆ ಲಾರಿ ತಿಂಗಳುಗಟ್ಟಲೆ ಟಾರ್ಪಾಲು ಹೊದ್ದುಕೊಂಡು ಮನೆಯ ಹಿಂದಿನ ಅಂಗಳದಲ್ಲಿ ನಿಂತಿತ್ತು. ಅದನ್ನು ಮಾರಿಬಿಡಿ ಎಂದು ಹೆಂಡತಿ ಎಷ್ಟು ಹೇಳಿದರೂ ಕಿರಿಯವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣನೂ ತಾನೂ ಸೇರಿ ಕೊಂಡ ಲಾರಿ ಅದು. ಕೊಳ್ಳುವಾಗಲೇ ಮುದಿಯಾಗಿತ್ತು. "ಇದಕ್ಕೆ ನಾವು ಯಜಮಾನರಲ್ಲ ಕಣೋ, ಮೊಮ್ಮಕ್ಕಳು" ಎಂದು ಅಣ್ಣ ನಗುತ್ತಿದ್ದ. ಚಳಿ ಮತ್ತೆ ಶುರುವಾಗುವ ಹೊತ್ತಿಗೆ ಕಿರಿಯವನು ಟಾರ್ಪಾಲು ಎಳೆದುಹಾಕಿ, ಹಳೆಯ ಎಣ್ಣೆ ಬಸಿದು, ಹೊಸದು ಹೊಯ್ದು, ಎಣ್ಣೆಯ ಫಿಲ್ಟರನ್ನೂ ಬದಲಿಸಿ, ಕ್ವಾರಿಯಿಂದ ಜಲ್ಲಿ ಸಾಗಿಸುವ ಕೆಲಸ ಹಿಡಿದ.

ಮೊದಲ ದಿನ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮುತ್ತ ಎದ್ದಿತು. ಆದರೆ ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಬಾನೆಟ್ಟಿನ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಹುಟ್ಟಿತು. ಟಕಟಕ, ಟಕಟಕ, ಅವಸರದಲ್ಲಿರುವವರ ಸದ್ದು. ಅವನು ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತ ಕೂತ. ಬೆಂಕಿಕಡ್ಡಿಯೊಂದು ಉರಿದು ಬೆರಳಿಗೆ ಬರುವಷ್ಟು ಹೊತ್ತು ಕಳೆದ ಮೇಲೆ ಮುಳ್ಳು ನಿದ್ದೆಗಣ್ಣಿನಲ್ಲಿ ಏಳುವವರ ಹಾಗೆ ಮೆಲ್ಲಗೆ ಮೇಲೆದ್ದಿತು. ಸದ್ದು ಅಡಗಿತು.

ಅಷ್ಟರಲ್ಲಿ ಅಂಗಳದ ಕಡೆಗಿದ್ದ ತಗಡಿನ ಬಾಗಿಲು ತೆರೆಯಿತು. ಅದು ಅತ್ತಿಗೆಯ ಕೋಣೆಯ ಬಾಗಿಲು. ಕಿರಿಯವನೂ ಹೆಂಡತಿಯೂ ಮಹಡಿಯಲ್ಲಿದ್ದರು. ಕೆಳಗಿನ ಕೋಣೆಯಲ್ಲಿ ಈಗ ಅತ್ತಿಗೆ ಒಬ್ಬಳೇ. ತನ್ನನ್ನು ಕಳಿಸಿಕೊಡಲು ಎದ್ದಳೆಂದುಕೊಂಡು ಅವನು ಕೈ ಎತ್ತಿದ. ಅವಳು ಅವನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಬಾಗಿಲು ಹಾಕಿಕೊಂಡಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಅವನ ಹೆಂಡತಿ ಒಂದು ಸಂಜೆ ದನಿ ತಗ್ಗಿಸಿ ಕೇಳಿದಳು:

"ಅಕ್ಕ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಲ್ತಾಳೆ, ನೋಡಿದ್ರಾ?"

"ಸರಿದು ನಿಂತ್ರೆ ಏನೀಗ?"

"ಯಾರಿಗೋ ಒಳಗೆ ಬರೋಕೆ ದಾರಿ ಬಿಟ್ಟ ಹಾಗೆ ಕಾಣುತ್ತೆ, ರೀ. ಆಮೇಲೆ ಒಳಗೆ ತಿರುಗಿ ನೋಡಿ ಬಾಗಿಲು ಹಾಕ್ತಾಳೆ."

ಅವನು ಕಿಟಕಿಯಿಂದ ಬಗ್ಗಿ ಕೆಳಗಿನ ತಗಡಿನ ಬಾಗಿಲನ್ನು ನೋಡಿದ. ಅಣ್ಣ ಬಾಡಿಗೆ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಬರುವವನು. ಬಂದವನು ಲಾರಿಯ ಕೀಲಿಯಿಂದಲೇ ಆ ತಗಡಿನ ಬಾಗಿಲು ತಟ್ಟುತ್ತಿದ್ದ. ಟಕಟಕ, ಟಕಟಕ. ತಾಳ್ಮೆ ಎಂಬುದು ಅವನ ಜಾತಕದಲ್ಲೇ ಇರಲಿಲ್ಲ. ಆದರೆ ಆ ಕೊನೆಯ ದಿನ ನಸುಕಿನಲ್ಲಿ ಬಂದಾಗ ಮಾತ್ರ ಅವನು ತಟ್ಟಿರಲಿಲ್ಲ. ಹೆಂಡತಿಗೆ ಜ್ವರ, ಮಲಗಿದ್ದವಳನ್ನು ಎಬ್ಬಿಸುವುದು ಬೇಡ ಎಂದುಕೊಂಡನೋ ಏನೋ, ಸೀಟಿನ ಹಿಂದಿನ ಹಲಗೆಯ ಮೇಲೆ ಕಂಬಳಿ ಹೊದ್ದು ಮಲಗಿದ. ಮಲಗಿದಲ್ಲೇ ಎದೆ ನಿಂತಿತ್ತು. ಒಳಗೆ ಅತ್ತಿಗೆ ಎಚ್ಚರವಾಗಿಯೇ ಇದ್ದಳು. ಲಾರಿ ಬಂದು ನಿಂತದ್ದು ಕೇಳಿಸಿತ್ತು. ಈಗ ತಟ್ಟುತ್ತಾನೆ, ಈಗ ತಟ್ಟುತ್ತಾನೆ ಎಂದು ಕಾಯುತ್ತಲೇ ಜ್ವರದ ಮಂಪರಿಗೆ ಜಾರಿದ್ದಳು.

ಮಾರನೆಯ ದಿನ ಕಿರಿಯವನು ಲಾರಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದ. ಇಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೇಳುವ ಅಭ್ಯಾಸ ಆ ಮೆಕ್ಯಾನಿಕ್ಕಿನದು. ಅದಕ್ಕೇ ಎಲ್ಲರೂ ಅವನನ್ನು ಕಿವುಡ ಎಂದು ಕರೆಯುತ್ತಿದ್ದರು.

"ಬೆಳಿಗ್ಗೆ ಮಾತ್ರ ಬಡಿಯುತ್ತಾ?" ಕಿವುಡ ಕೇಳಿದ.

"ತಣ್ಣಗಿದ್ದಾಗ ಮಾತ್ರ. ಮುಳ್ಳು ಎದ್ದ ಮೇಲೆ ಇಲ್ಲ."

ಕಿವುಡ ಕೆಳಗೆ ನುಸುಳಿ ಫಿಲ್ಟರ್ ಬಿಚ್ಚಿ ತಂದ. "ಇದನ್ನ ಯಾವ ಪುಣ್ಯಾತ್ಮ ಕೊಟ್ಟ? ಇದರೊಳಗೆ ಎಣ್ಣೆ ತಡೆದು ಹಿಡಿಯೋ ರಬ್ಬರ್ ಬಿಲ್ಲೆನೇ ಇಲ್ಲ. ಲಾರಿ ನಿಂತ ಮೇಲೆ ಎಣ್ಣೆಯೆಲ್ಲ ಕೆಳಗೆ ಇಳಿದು ಕೂರುತ್ತೆ. ಬೆಳಿಗ್ಗೆ ಚಳಿಗೆ ಗಟ್ಟಿಯಾಗಿರೋದು ಮೇಲಕ್ಕೆ ಹತ್ತಬೇಕಲ್ಲ, ಅಲ್ಲೀ ತನಕ ಕಬ್ಬಿಣ ಒಣಗಿದ ಬಾಯಲ್ಲೇ ಓಡುತ್ತೆ. ಹೀಗೇ ಬಿಟ್ರೆ ಇಂಜಿನ್ ತನ್ನನ್ನ ತಾನೇ ತಿಂದುಕೊಳ್ಳುತ್ತೆ."

"ಬೇರೆ ಹಾಕೋಕೆ ಎಷ್ಟು ಹೊತ್ತು?"

"ಕೂತು ಎದ್ದಷ್ಟು ಹೊತ್ತು."

ಕಿರಿಯವನು ಹೊಸ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡ. "ನಾನೇ ಹಾಕಿಕೊಳ್ತೀನಿ ಬಿಡು" ಎಂದು ಹಳೆಯದನ್ನೇ ಮತ್ತೆ ಬಿಗಿಸಿಕೊಂಡು ಬಂದ. ಕಿವುಡ ಅವನನ್ನು ತಲೆ ಕೆಟ್ಟವನನ್ನು ನೋಡಿದ ಹಾಗೆ ನೋಡಿದ.

ಸಂಜೆ ಅತ್ತಿಗೆ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಅವನು ಹೇಳಲೋ ಬೇಡವೋ ಎಂದು ಮೀನಮೇಷ ಎಣಿಸಿ, ಕೊನೆಗೆ ಫಿಲ್ಟರನ್ನು ಅವಳ ಮುಂದೆ ಹಿಡಿದ.

"ಅತ್ತಿಗೆ, ಬೆಳಿಗ್ಗೆ ಆ ಸದ್ದು ಬರುತ್ತಲ್ಲ... ಅದು ಇಂಜಿನ್ನಿಂದು. ಇದನ್ನ ಹಾಕಿದ್ರೆ ನಿಂತು ಹೋಗುತ್ತೆ."

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಇಂಜಿನ್ನಿಂದೇ ಅಂತ ನನಗೆ ಗೊತ್ತಿಲ್ವೇನಪ್ಪಾ? ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಸದ್ದು ಕೇಳಿದ ತಕ್ಷಣ ಅವು ಎದ್ದು ಹೊರಡ್ತವೆ."

"ಹಾಕ್ಲಾ, ಬೇಡ್ವಾ?"

"ಹಾಕು. ಲಾರಿ ಹಾಳಾದ್ರೆ ನಿಮ್ಮಣ್ಣ ನಿನ್ನ ಸುಮ್ಮನೆ ಬಿಡ್ತಾರಾ?"

'ಬಿಡ್ತಾರಾ' ಎಂದಳು, 'ಬಿಡ್ತಿದ್ರಾ' ಎನ್ನಲಿಲ್ಲ. ಅವನು ಅದನ್ನು ಕೇಳಿಸಿಕೊಂಡೂ ಕೇಳದವನ ಹಾಗೆ ಲಾರಿಯ ಕೆಳಗೆ ನುಸುಳಿದ.

ಮರುದಿನ ಬೆಳಿಗ್ಗೆ ಚಳಿ ಮೂಳೆಗೆ ಇಳಿಯುವಂತಿತ್ತು. ಅವನು ಅಣ್ಣನ ದಪ್ಪ ಕೋಟು ಹಾಕಿಕೊಂಡು ಹತ್ತಿ ಕೂತ. ಇಂಜಿನ್ ಎದ್ದಿತು, ಅದರ ಬೆನ್ನಿಗೇ ಮುಳ್ಳೂ ಎದ್ದಿತು. ಬಡಿತವಿಲ್ಲ. ಹಿತವಾದ ಒಂದೇ ಗುಂಯ್‌ಗಾನ. ಅವನು ಸ್ಟೀರಿಂಗಿಗೆ ಹಣೆ ಒತ್ತಿ ಕಣ್ಣು ಮುಚ್ಚಿದ. ಏನನ್ನೋ ಹೊಸಕಿಹಾಕಿದ ಹಾಗೆ ಅನ್ನಿಸಿತು.

ತಗಡಿನ ಬಾಗಿಲು ದಢಾರನೆ ಗೋಡೆಗೆ ಬಡಿಯಿತು. ಅತ್ತಿಗೆ ಬರಿಗಾಲಲ್ಲಿ ಓಡಿ ಬಂದಳು. ಅವನು ತಲೆ ಎತ್ತುವುದರೊಳಗೆ ಮೆಟ್ಟಿಲು ಹತ್ತಿ, ಕ್ಯಾಬಿನ್ನಿನ ಬಾಗಿಲನ್ನು ಕಿತ್ತುಬರುವ ಹಾಗೆ ಎಳೆದು, ಕೋಟಿನ ತೋಳಿನೊಳಗಿಂದ ಅವನ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ನಾಡಿ ಹುಡುಕುತ್ತಿದ್ದವು.

"ಯಾಕೆ ತಟ್ಟಲಿಲ್ಲ? ಎಚ್ಚರವಾಗೇ ಇದ್ದೆ. ಯಾಕೆ ತಟ್ಟಲಿಲ್ಲ?"

"ಅತ್ತಿಗೆ, ನಾನು. ನಾನು ಕಣಮ್ಮಾ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಸಡಿಲಿಸಿದಳು. ಅವನಿಗೆ ಆಗ ಹೊಳೆಯಿತು: ಸದ್ದು ಬಂದ ಬೆಳಿಗ್ಗೆಗಳೆಲ್ಲ ಅವಳಿಗೆ ಗಂಡ ಬಂದ ಬೆಳಿಗ್ಗೆಗಳು. ಸದ್ದಿಲ್ಲದ ಬೆಳಿಗ್ಗೆ ಒಂದೇ ಒಂದು, ಅದನ್ನು ತಾನೇ ಕೈಯಾರೆ ಮತ್ತೆ ತಂದು ಅವಳ ಮುಂದೆ ಇಟ್ಟಿದ್ದೇನೆ.

"ಹಳೇ ಫಿಲ್ಟರನ್ನೇ ಮತ್ತೆ ಹಾಕ್ತೀನಿ" ಎಂದ. "ಹಾಳಾದ್ರೆ ಹಾಳಾಗ್ಲಿ."

"ಹುಚ್ಚು ಮಾತಾಡಬೇಡ." ಅವಳು ಸೀಟಿನ ಹಿಂದೆ ಇಣುಕಿದಳು. ಹಲಗೆಯ ಮೇಲೆ ಅಣ್ಣನ ಕಂಬಳಿ ಇನ್ನೂ ಸುರುಳಿಯಾಗಿ ಬಿದ್ದಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಿರಲಿಲ್ಲ. "ನಾನು ಇಲ್ಲಿ ಒಂದು ಸಲನೂ ಹತ್ತಿ ನೋಡಿಲ್ಲ. ನಡಿ."

"ಎಲ್ಲಿಗೆ?"

"ನೀನು ಎಲ್ಲಿಗೆ ಹೊರಟಿದ್ದೀಯೋ ಅಲ್ಲಿಗೆ."

ಊರು ದಾಟುವಷ್ಟರಲ್ಲಿ ಅವಳು ಹಿಂದಕ್ಕೆ ಸರಿದು, ಆ ಹಲಗೆಯ ಮೇಲೆ ಮಲಗಿ ಕಂಬಳಿ ಹೊದ್ದುಕೊಂಡಿದ್ದಳು. ಕ್ವಾರಿಯಲ್ಲಿ ಯಂತ್ರ ಜಲ್ಲಿ ಸುರಿದಾಗ ಲಾರಿ ಅಡಿಯಿಂದ ಮುಡಿಯ ತನಕ ಅದುರಿತು. ಅವಳು ಮಗ್ಗುಲು ಕೂಡ ಬದಲಿಸಲಿಲ್ಲ. ತಿಂಗಳುಗಳ ನಿದ್ದೆ ಬಾಕಿಯಿತ್ತು.

ವಾಪಸು ಬರುವಾಗ ಬಿಸಿಲು ಗಾಜಿಗೆ ಬಂದಿತ್ತು. ಹಿಂದಿನಿಂದ ಅತ್ತಿಗೆಯ ಉಸಿರು ಕೇಳುತ್ತಿತ್ತು, ತೆಳ್ಳಗೆ, ಒಂದೇ ಸಮನೆ. ಇಳಿಜಾರಿನಲ್ಲಿ ಇಂಜಿನ್ ದನಿ ತಗ್ಗಿದಾಗ ಅದರ ಅಡಿಯಲ್ಲಿ ಇನ್ನೊಂದು ಉಸಿರು ಕೇಳಿಸಿತು. ನಿಧಾನದ್ದು, ಭಾರದ್ದು, ಕೊನೆಗೆ ಸಣ್ಣಗೆ ಸಿಳ್ಳೆ ಹೊಡೆಯುವಂಥದ್ದು. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಒಂದೇ ಚಾಪೆಯಲ್ಲಿ ಮಲಗಿ, ಎಷ್ಟೋ ಸಲ ಮೊಣಕೈಯಿಂದ ತಿವಿದು ನಿಲ್ಲಿಸಿದ್ದ ಗೊರಕೆ ಅದು.

ಕಿರಿಯವನು ತಿರುಗಿ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಹೊಂಡ ಕಂಡಲ್ಲೆಲ್ಲ ವೇಗ ಇಳಿಸಿ, ಮಲಗಿದವರಿಗೆ ಎಚ್ಚರವಾಗದಂತೆ ಮನೆಯ ತನಕ ಬಂದ.

ಆಮೇಲೆ ಅತ್ತಿಗೆ ಬೆಳಿಗ್ಗೆ ಬಾಗಿಲು ತೆಗೆಯಲಿಲ್ಲ. ಹೊತ್ತೇರುವ ತನಕ ಮಲಗುತ್ತಾಳೆ, ಮೈಕೈ ತುಂಬಿಕೊಳ್ಳುತ್ತಿದೆ ಎಂದು ಅವನ ಹೆಂಡತಿ ಖುಷಿಯಿಂದ ಹೇಳಿದಳು. ಕಿರಿಯವನು ಮಾತ್ರ ದಾರಿಯುದ್ದಕ್ಕೂ ಗಟ್ಟಿಯಾಗಿ ರೇಡಿಯೋ ಹಾಕುತ್ತಿದ್ದವನು, ಹಾಕುವುದನ್ನೇ ಬಿಟ್ಟ. ಕೆಟ್ಟಿದೆಯಾ ಎಂದು ಕ್ವಾರಿಯವರು ಕೇಳಿದರೆ, ಸೀಟಿನ ಹಿಂದಕ್ಕೊಮ್ಮೆ ಕಿವಿಗೊಟ್ಟು, ದನಿ ತಗ್ಗಿಸಿ ಹೂಂ ಎನ್ನುತ್ತಿದ್ದ.