ಪದ್ಯಕ್ಕೊಂದು ಪಟ್ಟೆ

ಎಣಿಸಿ ಹೆಣೆಯುವುದು ಆ ಮನೆಯ ಅಜ್ಜಿಗೆ ಹಿಡಿಸುತ್ತಿರಲಿಲ್ಲ. ಎಣಿಕೆ ಅಂಗಡಿಯವರಿಗಿರಲಿ, ಹೆಣಿಗೆಗೆ ಪದ್ಯ ಸಾಕು ಎನ್ನುವುದು ಅವಳ ತಾಯಿಯಿಂದ ಬಂದ ಮಾತು. ಕಡ್ಡಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಪ್ರಾರ್ಥನೆಯ ಒಂದು ಸಾಲು ಮುಗಿಯಬೇಕು, ಉಲ್ಲನ್ನಿನ ಮೇಲೆ ಒಂದು ಉಬ್ಬುಗೆರೆ ಏಳಬೇಕು. ಪದ್ಯ ಮುಗಿದಲ್ಲಿಗೆ ಹಳದಿ ಬಿಟ್ಟು ನೀಲಿ, ಮತ್ತೆ ಪದ್ಯ, ಮತ್ತೆ ಹಳದಿ. ಎಲ್ಲ ಸಾಲೂ ಸೀದಾ. ಹಿಂದು ಮುಂದಿಲ್ಲದ ಹೆಣಿಗೆ.

"ದಿನವಿಡೀ ದೇವರನ್ನ ಕರೀತೀಯಲ್ಲೇ, ಅವನಿಗೂ ಒಂದು ಸ್ವೆಟರ್ ಹಾಕಿ ಕಳಿಸ್ತೀಯಾ?" ಎಂದು ಕೇಳುತ್ತಿದ್ದ ಗಂಡ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಗಡಿಯಾರ ರಿಪೇರಿ ಮಾಡುವುದು ಅವನ ಕಸುಬು. ಹೆಂಡತಿಯನ್ನು ಕೆಣಕುವುದು ಬಿಡುವಿನ ಕೆಲಸ.

ಸ್ವೆಟರ್ ಮೊಮ್ಮಗಳು ಗುಂಡುಪಿನ್ನಿಗೆ. ಹಳೆಯದು ಹೊಕ್ಕುಳಿಗೆ ಬಂದು ನಿಂತಿತ್ತು, ಶಾಲೆ ಶುರುವಾಗುವುದರಲ್ಲಿತ್ತು. ಇಬ್ಬರು ಅಜ್ಜಿಯರೂ "ನಾನು ಹೆಣೀತೀನಿ" ಎಂದಾಗ ಸೊಸೆ ನ್ಯಾಯ ಹಂಚಿದ್ದಳು: "ಹಿಂಭಾಗ ನಿಮ್ಮದು ಅತ್ತೆ, ಮುಂಭಾಗ ಅಮ್ಮಂದು. ಪದ್ಯಕ್ಕೊಂದು ಪಟ್ಟೆ, ಇಬ್ಬರದೂ ಅದೇ ಲೆಕ್ಕ ತಾನೆ?"

"ಆಗಲಿ. ಎದೆ ಅವರಿಗೆ, ಬೆನ್ನು ನನಗೆ. ಮೂಟೆ ಹೊರೋಕೆ ನಾನಿದ್ದೀನಲ್ಲ," ಎಂದಿದ್ದಳು ಅಜ್ಜಿ.

ನೋವು ಬೆನ್ನಿನದಲ್ಲ. ಮಗ ಸೊಸೆ ಕೆಲಸಕ್ಕೆ ಹೋದರೆ ಮಗು ಹಗಲೆಲ್ಲ ಬೀಗಿತಿಯ ಮನೆಯಲ್ಲಿ. ಇಲ್ಲಿಗೆ ಬರುವುದು ಭಾನುವಾರ ಮಾತ್ರ, ಬಂದರೂ ಬಾಯಲ್ಲಿ ಬೀಗಿತಿಯ ಪದ್ಯ. ತನ್ನದನ್ನು ಕಲಿಸಲು ಹೋದರೆ, "ಅದು ಉದ್ದ ಅಜ್ಜಿ, ನಂಗೆ ನಿದ್ದೆ ಬರತ್ತೆ," ಎಂದಿತ್ತು ಮಗು. ಅನ್ನದಲ್ಲಿ ಕಲ್ಲು ಕಡಿದ ಹಾಗಾಗಿತ್ತು ಅವಳಿಗೆ. ಮಗನಿಗೆ ಮೊದಲೇ ರಾಗವಿಲ್ಲ. ತಾಯಿ ಕೊಟ್ಟ ಪದ್ಯ ತನ್ನ ಬಾಯಲ್ಲೇ ಮುಗಿದುಹೋಗುತ್ತದೆಯೇ?

ಭಾನುವಾರ ಬೀಗಿತಿ ಬಂದಳು. ಎರಡೂ ತುಂಡುಗಳನ್ನು ಮಂಚದ ಮೇಲೆ ಜೋಡಿಸಿದರೆ ಉದ್ದ ಸರಿ, ಅಗಲ ಸರಿ, ಪಟ್ಟೆ ಮಾತ್ರ ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂತಿದ್ದವು. ಅಜ್ಜಿಯ ಪದ್ಯಕ್ಕೆ ಆರು ಸಾಲು, ಬೀಗಿತಿಯದಕ್ಕೆ ನಾಲ್ಕೇ.

ಗಂಡ ಬಗ್ಗಿ ನೋಡಿದ. "ಒಂದು ಕಡೆ ಗಂಟೆ ಹೊಡೆದಾಯ್ತು, ಇನ್ನೊಂದು ಕಡೆ ಇನ್ನೂ ಮುಕ್ಕಾಲು."

"ನಾಲ್ಕು ಸಾಲಿಗೇ ಕಡ್ಡಿ ಕೆಳಗಿಟ್ಟುಬಿಟ್ರಾ ಬೀಗಿತಿಯವರೇ?"

"ನಮ್ಮ ದೇವರಿಗೆ ನಾಲ್ಕು ಸಾಲಿಗೇ ಕೇಳಿಸತ್ತೆ."

"ನಮ್ಮವನಿಗೂ ಕಿವಿ ಚೆನ್ನಾಗಿದೆ. ಅವಸರ ಇಲ್ಲ, ಅಷ್ಟೇ."

ಯಾರು ಬಿಚ್ಚಬೇಕು? ಅದನ್ನು ಇಬ್ಬರೂ ಕೇಳಲಿಲ್ಲ. "ಶಾಲೆ ಮುಂದಿನ ಸೋಮವಾರ," ಎಂದಷ್ಟೇ ಹೇಳಿದಳು ಸೊಸೆ. ಬೀಗಿತಿ ತನ್ನ ತುಂಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಎರಡು ದಿನ ಅಜ್ಜಿ ಹಟ ಹಿಡಿದು ಕೂತಳು. ಆಮೇಲೆ ಗಾಳಿ ತಣ್ಣಗಾಯಿತು. ಸ್ವೆಟರ್ ಮುಚ್ಚದ ಮಗುವಿನ ಹೊಟ್ಟೆ ಕಣ್ಣಮುಂದೆ ಬಂತು. ದೇವರ ಪಟದ ಕಡೆ ನೋಡಿ, "ನೀನೇ ಹೇಳಿದ್ದು ಅಂದ್ಕೋತೀನಿ," ಎಂದು ಕೊನೆಯ ಕುಣಿಕೆ ಸಡಿಲಿಸಿ ಎಳೆದಳು. ಬೆನ್ನೆಲ್ಲ ಗುಂಗುರು ಕೂದಲಾಗಿ ಮಡಿಲಿಗೆ ಬಿತ್ತು.

ಬೀಗಿತಿಯ ಪದ್ಯವೇನೂ ಅವಳಿಗೆ ಹೊಸದಲ್ಲ. ಮಗುವಿನ ಬಾಯಿಂದ ಕೇಳಿ ಕೇಳಿ ಬಂದಿತ್ತು. ಆದರೆ ನಾಲ್ಕು ಮುಗಿಯುತ್ತಲೇ ನಾಲಿಗೆ ಹಳೇ ದಾರಿ ಹಿಡಿದು ತನ್ನ ಐದನೆಯ ಸಾಲಿಗೆ ಜಾರುತ್ತಿತ್ತು, ಕಡ್ಡಿಯೂ ಅದರ ಹಿಂದೆ. ಮತ್ತೆ ಬಿಚ್ಚು.

"ಬೀಗಿತಿಯವರು ಬಂದಿದ್ದಾರೆ ಅಂದ್ಕೊಂಡೆ," ಎಂದ ಗಂಡ. "ನೀನಾ? ಕಾಫಿ ಮಾಡಿಸೋಣ ಅಂತಿದ್ದೆ."

"ಸುಮ್ನಿರಿ. ಈಗ ಮೂರನೇ ಸಾಲು."

ಹೆಣೆಯುತ್ತ ಹೆಣೆಯುತ್ತ ಅವಳಿಗೆ ಅನ್ನಿಸಿತು: ಪದ್ಯ ಚಿಕ್ಕದು ನಿಜ, ಆದರೆ ಕೊನೆಯ ಸಾಲಿನಲ್ಲಿ ದೇವರನ್ನು ಮನೆಯವನ ಹಾಗೆ ಒಳಗೆ ಕರೆಯುತ್ತದೆ. ಇದನ್ನು ಬೀಗಿತಿಗೆ ಹೇಳಬಾರದು, ತಲೆಯ ಮೇಲೆ ಕೂರುತ್ತಾಳೆ.

ಮತ್ತೆ ಭಾನುವಾರ. ಅಜ್ಜಿ, "ಏನೋ, ಮಗುವಿಗೋಸ್ಕರ," ಎನ್ನುತ್ತ ನಾಲ್ಕರ ಬೆನ್ನನ್ನು ಮಂಚದ ಮೇಲೆ ಹಾಸಿದಳು. ಬೀಗಿತಿ ಅದನ್ನು ನೋಡಿ, ಚೀಲದೊಳಗೆ ಇಟ್ಟ ಕೈಯನ್ನು ಹೊರಗೆ ತೆಗೆಯಲೇ ಇಲ್ಲ. ಸೊಸೆಯೇ ಚೀಲ ಎಳೆದು ತುಂಡನ್ನು ಬಿಡಿಸಿದಳು. ಮುಂಭಾಗದ ತುಂಬ ಆರಾರರ ಪಟ್ಟೆ!

ಕಿಟಕಿಯ ಬಳಿ ನಗು ಹೊರಟಿತು, ಭೂತಗನ್ನಡಿ ಕಣ್ಣಿಂದ ಕಳಚಿ ಬಿತ್ತು.

ಬೀಗಿತಿಯರು ನಗಬೇಕೋ ಅಳಬೇಕೋ ತಿಳಿಯದೆ ನಿಂತಾಗ ಗುಂಡುಪಿನ್ನು ಮಂಚ ಹತ್ತಿತು. ಮುಂಭಾಗದ ಹಳದಿ ಪಟ್ಟೆಯ ಮೊದಲ ಉಬ್ಬುಗೆರೆಯ ಮೇಲೆ ಬೆರಳಿಟ್ಟು ಹಾಡತೊಡಗಿತು. ಗೆರೆಗೊಂದು ಸಾಲು. ಅಜ್ಜಿಯ ಪದ್ಯ! ಮೊದಲನೆಯದು, ಎರಡನೆಯದು, ಮೂರನೆಯದು ಸರಿಯಾಗಿ ಬಂದವು. ನಾಲ್ಕನೆಯ ಗೆರೆಯ ಮೇಲೆ, "ಹ್ಞೂಂ ಹ್ಞೂಂ ಹ್ಞೂಂ." ಐದು, ಆರು ಮತ್ತೆ ಸರಿ.

ಅಜ್ಜಿ ಮಂಚದ ಅಂಚಿಗೆ ಕೂತುಬಿಟ್ಟಳು. "ಏನೇ ಅದು, ನಡುವೆ ಹ್ಞೂಂ?"

"ಆ ಸಾಲು ಹಾಗೇ ಅಜ್ಜಿ. ಆ ಅಜ್ಜಿ ದಿನಾ ಹೆಣೀತಾ ಹಾಗೇ ಹೇಳೋದು."

ಬೀಗಿತಿಯ ಮುಖ ಕೆಂಪಾಯಿತು. "ನಾನು ನಮ್ಮ ಮಕ್ಕಳ ಮದುವೇಲಿ ನಿಮ್ಮ ಬಾಯಿಂದ ಕೇಳಿದ್ದು. ಅಷ್ಟು ಚೆನ್ನಾಗಿ ಹೇಳ್ತಿದ್ರಿ, ಮನಸ್ಸಲ್ಲಿ ನಿಂತುಬಿಡ್ತು. ಆ ಸಾಲು ಬಂದಾಗ ಯಾರೋ ಪುಣ್ಯಾತ್ಮರು ಕೆಮ್ಮಿದ್ರು."

ಕಿಟಕಿಯ ಕಡೆ ನಗು ಥಟ್ಟನೆ ನಿಂತಿತು.

"ಯಾರೋ ಅಲ್ಲ, ನೋಡಿ ಅಲ್ಲಿದ್ದಾರೆ," ಎಂದಳು ಅಜ್ಜಿ.

"ಹಾಗೇ ಸೇರಿಸಿ ಹೊಲಿದುಬಿಡ್ತೀನಿ," ಎಂದಳು ಸೊಸೆ. "ಹಿಂದೆ ಯಾವುದು, ಮುಂದೆ ಯಾವುದು ಅಂತ ಇವಳಿಗೇ ತಿಳಿಯತ್ತೆ. ತೋಳು ಆಮೇಲೆ."

ಅಜ್ಜಿ ಆಗಲೇ ತೋಳಿಗೆ ಕುಣಿಕೆ ಹಾಕತೊಡಗಿದ್ದಳು. ಇನ್ನೊಂದು ಜೊತೆ ಕಡ್ಡಿಯನ್ನು ಬೀಗಿತಿಯ ಕೈಗಿಟ್ಟು ಪಕ್ಕಕ್ಕೆ ಸರಿದಳು.

"ಕೂತ್ಕೊಳ್ಳಿ. ನಾಲ್ಕನೇ ಸಾಲು ಹೇಳ್ತೀನಿ, ಇಬ್ಬರೂ ಕೇಳಿ. ರೀ, ನೀವು ಈಗಲೇ ಕೆಮ್ಮಿಬಿಡಿ."