ಮುಚ್ಚಳದ ತಾಳ

"ಹಾಡು ಆಕಾಶದಿಂದ ಉದುರಲ್ಲ ಮಕ್ಕಳೇ, ಬೀದಿಯಿಂದ ಏಳುತ್ತೆ. ಮನೆಯಿಂದ ಒಂದೊಂದು ಸದ್ದು ತನ್ನಿ, ಹಾಡು ಕಟ್ಟೋಣ" ಎಂದಿದ್ದಳು ಹಾಡಿನ ಟೀಚರ್.

ತಂದರು. ದರ್ಜಿಯ ಮಗ ಹೊಲಿಗೆ ಯಂತ್ರದ ಟರ್ರನ್ನು ನಾಲಿಗೆಯ ಮೇಲೇ ತಂದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೆಲಸದವರ ಮಕ್ಕಳು ಒದ್ದೆ ಬಟ್ಟೆ ಬಡಿಯುವ ಧಪ್ ಧಪ್ ತಂದರು. ಒಬ್ಬಳು ಅಪ್ಪನ ಗೊರಕೆ ತಂದು ಎಲ್ಲರನ್ನೂ ನಗಿಸಿದಳು. ಗುಬ್ಬಿ ಎಂಬ ಪುಟ್ಟ ಹುಡುಗಿ ಮಾತ್ರ ಡೆಸ್ಕಿನ ಮೇಲೆ ಬಡಿದು ತೋರಿಸಿದಳು: ಟಣ್ ಟಣ್, ಟಟಟಣ್.

"ಇದೇನೇ ಗುಬ್ಬೀ?"

"ನಮ್ಮಜ್ಜಿ ಪಾತ್ರೆ ಮುಚ್ಚಳಕ್ಕೆ ಸೌಟಲ್ಲಿ ಬಡೀತಾಳಲ್ಲ, ಅದು!"

ಟೀಚರ್ ಈ ಬೀದಿಯವಳಲ್ಲ. ಹೇಳಿ ಮಾಡಿಸಿದ ಹಾಗಿದೆ ಎಂದುಕೊಂಡು ಅದನ್ನೇ ಪಲ್ಲವಿ ಮಾಡಿದಳು. ಎಲ್ಲಿ ಏರಬೇಕು, ಎಲ್ಲಿ ಬಾಯಿ ಮುಚ್ಚಿ ಮನಸ್ಸಲ್ಲೇ ತಾಳ ಹಾಕಬೇಕು ಎಂದು ಕಲಿಸಿದಳು. ಒಂದು ಕಟ್ಟುನಿಟ್ಟು: "ನಾನು ಕೈ ಇಳಿಸೋವರೆಗೂ ಯಾರೂ ನಿಲ್ಲಿಸಬಾರದು. ಮನೆ ಬಿದ್ದರೂ ಸರಿ."

ಹಾಡು ಕುದುರಿದ ದಿನ ಶಾಲೆಯ ಆಯಾ ಓಡಿ ಬಂದು ಬಾಗಿಲು ಮುಚ್ಚಿದಳು.

"ಅಯ್ಯೋ ತಾಯೀ, ಆ ಮುಚ್ಚಳದ ಸದ್ದು ಬಿಡಿಸಿ! ಪೊಲೀಸರು ಬೀದಿಗೆ ಕಾಲಿಟ್ಟರೆ ಅಜ್ಜಿ ಬಡಿಯೋದು ಅದನ್ನೇ. ಅದು ಕೇಳಿಸಿದ್ರೆ ಗುಬ್ಬಿ ಅಮ್ಮ ಹಿಂಬಾಗಿಲಿಂದ ಪಾರು."

ಬಣ್ಣದ ನೀರು ಕೆಲಸದವರ ಕೈ ತಿನ್ನುತ್ತಿದೆ ಎಂದು ಮುಷ್ಕರ ಹೂಡಿ ಕಾರ್ಖಾನೆ ನಿಲ್ಲಿಸಿದವಳು ಗುಬ್ಬಿಯ ಅಮ್ಮ. ಕೈ ತಿಂದವರನ್ನು ಯಾರೂ ಹುಡುಕಲಿಲ್ಲ, ಹುಡುಕುತ್ತಿದ್ದುದು ಅವಳನ್ನು. ಶಾಲೆಯ ಎದುರಿಗೇ, ದರ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದಳು.

"ಇವತ್ತು ಯಾರೂ ಬಡಿದಿಲ್ಲವಲ್ಲ?"

"ಹೇಗೆ ಬಡೀತಾರೆ? ಪೊಲೀಸ್ ಸಾಹೇಬ ಮಫ್ತಿಯಲ್ಲಿ ಬಂದಿದಾನೆ, ಕೈಯಲ್ಲಿ ಚಾಕಲೇಟು ಬೇರೆ! ಹೆಡ್‌ಮಾಸ್ತರ ರೂಮಲ್ಲಿ ಕೂತು, ಮಕ್ಕಳ ಹಾಡು ಕೇಳ್ತೀನಿ ಅಂತಿದಾನೆ."

ಟೀಚರ್ ಮಕ್ಕಳತ್ತ ತಿರುಗಿದಳು. "ಮಕ್ಕಳೇ, ಇವತ್ತು ಪಲ್ಲವಿ ಬಂದಾಗ ಬಾಯಿ ಮುಚ್ಚಿ. ಮನಸ್ಸಲ್ಲಿ ಮಾತ್ರ."

ಸಾಹೇಬ ಬಂದು ಚಿಕ್ಕ ಕುರ್ಚಿಯಲ್ಲಿ ಮಂಡಿ ಮಡಚಿ ಕೂತ. ಹಿಂದೆ ಹೆಡ್‌ಮಾಸ್ತರು ಹಲ್ಲು ಕಿರಿಯುತ್ತ, ಬೆವರುತ್ತ ನಿಂತರು. ಟೀಚರ್ ಕೈ ಎತ್ತಿದಳು. ಟರ್ರ್, ಧಪ್ ಧಪ್, ಗೊರಕೆ. ಪಲ್ಲವಿ ಬಂತು, ಎಲ್ಲ ಬಾಯಿಗಳೂ ಮುಚ್ಚಿದವು.

ಆ ಮೌನದಲ್ಲಿ ಸಾಹೇಬನ ಬೆರಳು ಮೇಜಿನ ಮೇಲೆ ಮೆಲ್ಲಗೆ ಬಡಿಯಿತು: ಟಣ್ ಟಣ್, ಟಟಟಣ್.

ಬಿಟ್ಟ ಜಾಗವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಇದನ್ನು ಮಕ್ಕಳಿಗೆ ಕಲಿಸಿದವಳೇ ಮರೆತಿದ್ದಳು.

"ಇಲ್ಲೇನೋ ನುಂಗಿಬಿಟ್ರಲ್ಲ ಟೀಚರ್" ಎಂದು ನಕ್ಕ. "ತಿಂಗಳಿಂದ ಕೇಳಿ ಕೇಳಿ ನನಗೇ ಬಾಯಿಪಾಠ. ನಾನು ಬೀದಿಗೆ ಬಂದೆ ಅಂದ್ರೆ ಇದು ಬಡಿಯುತ್ತೆ, ಹಕ್ಕಿ ಹಾರುತ್ತೆ. ಮಕ್ಕಳ ಹೊಟ್ಟೇಲಿ ಗುಟ್ಟು ನಿಲ್ಲಲ್ಲ ಅಂತ ಇಲ್ಲಿಗೇ ಬಂದೆ." ಗುಬ್ಬಿಯತ್ತ ಬಾಗಿದ. "ಯಾರ ಮನೆ ಸದ್ದು ಪುಟ್ಟಾ ಇದು?"

ಗುಬ್ಬಿ ಖುಷಿಯಿಂದ ಬಾಯಿ ತೆರೆದಳು.

"ಎಲ್ಲರ ಮನೇದು ಸಾರ್!" ಟೀಚರ್ ಅಡ್ಡ ಬಾಯಿ ಹಾಕಿದಳು. ಬೀದಿಯ ಸದ್ದು ಬಾರದಿರಲೆಂದು ದಿನವೂ ಮುಚ್ಚಿಡುತ್ತಿದ್ದ ಕಿಟಕಿಗಳನ್ನೆಲ್ಲ ಹೋಗಿ ತೆರೆದಳು. "ಸಾಹೇಬರಿಗೆ ಪೂರ್ತಿ ಹಾಡು ಬೇಕಂತೆ. ಪಲ್ಲವಿ ಮಾತ್ರ, ಡಬ್ಬಿ ಮುಚ್ಚಳ ತಗೊಳ್ಳಿ, ಜೋರಾಗಿ!"

ಕೈ ಎತ್ತಿದಳು.

ಊಟದ ಡಬ್ಬಿಗಳ ಮುಚ್ಚಳಗಳು ಡೆಸ್ಕುಗಳ ಮೇಲೆ ಸಿಡಿದವು. ಟಣ್ ಟಣ್, ಟಟಟಣ್! ಸಾಹೇಬನ ನಗು ಅರ್ಧಕ್ಕೆ ನಿಂತಿತು. ಎದುರು ಮನೆಯ ಹೊಲಿಗೆ ಯಂತ್ರ ಗಪ್ಪನೆ ಸುಮ್ಮನಾಯಿತು. ಯಾವುದೋ ಅಡುಗೆಮನೆ ಮರುಬಡಿಯಿತು, ಅದರಾಚೆ ಇನ್ನೊಂದು. ದರ್ಜಿಯ ಮನೆಯ ಹಿಂಬಾಗಿಲು ಧಡಾರ್ ಎಂದಿತು.

"ನಿಲ್ಸೇ! ನಿಲ್ಸು ಅಂತೀನಿ!" ಸಾಹೇಬ ಹಾರಿ ಬಂದು, ಎತ್ತಿದ ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತಿರುಚಿದ. ಮೂಳೆ ಲಟಕ್ಕೆಂದಿತು. ಮಕ್ಕಳ ಕಣ್ಣಲ್ಲಿ ನೀರು ಬಂತು. ಗುಬ್ಬಿ ಬಿಕ್ಕುತ್ತಿದ್ದಳು. ಆದರೂ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

ಕೈ ಅವನ ಮುಷ್ಟಿಯಲ್ಲಿ ಮೇಲೇ ಇತ್ತು. ಅದು ಇಳಿದಿರಲಿಲ್ಲವಾದ್ದರಿಂದ, ಅಳುತ್ತಲೇ, ಅವರು ಬಡಿಯುತ್ತ ಹೋದರು.